ಕಣ್ಣಿನ ಸುತ್ತಿನ ಕಪ್ಪು

1983ರ ಮಳೆಗಾಲ. ನಾನಾಗ ಆರನೇ ಕ್ಲಾಸು. ಚಿಕ್ಕಪ್ಪನ ಮಗ ಪುಟ್ಟನಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎದ್ದು ಜಗುಲಿಗೆ ಬಂದವನ ಎರಡೂ ಕಣ್ಣಿನ ಸುತ್ತ, ಯಾರೋ ಇದ್ದಿಲು ತಿಕ್ಕಿದ ಹಾಗೆ, ಕಪ್ಪು ನೇರಳೆ ಬಣ್ಣ ಕೂತಿತ್ತು. ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದರು. ಹೋಗಲಿಲ್ಲ. ಆ ದಿನ ಸಂಜೆ ಉಪ್ಪು, ಒಣಮೆಣಸು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟು ಬರಲಿಲ್ಲವೆಂದು, ದೃಷ್ಟಿ ಬಲವಾಗಿಯೇ ತಾಗಿದೆ ಎಂದು ತೀರ್ಮಾನವಾಯಿತು.

ನಾಲ್ಕು ದಿನ ಕಳೆದರೂ ಕಪ್ಪು ಇಳಿಯಲಿಲ್ಲ. ಆಗ ಇನ್ನೊಂದು ಮಾತು ಶುರುವಾಯಿತು. ಪುಟ್ಟನ ತಾಯಿ ಬಾಣಂತಿತನದಲ್ಲಿ ತೀರಿಕೊಂಡಿದ್ದರು. ಚಿಕ್ಕಪ್ಪ ಎರಡನೇ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು ಕೇಳಿಸಿಕೊಂಡದ್ದು ಎರಡೇ ಪದ: "ಮಲತಾಯಿ ಅಲ್ವೇ." ಕೊನೆಗೆ ಒಂದು ದಿನ ಅಜ್ಜಿಯೇ ಅಡುಗೆಮನೆಯಲ್ಲಿ ಕೇಳಿಬಿಟ್ಟರು, "ನಿಜ ಹೇಳು, ಮಗೂ ಮೇಲೆ ಕೈ ಮಾಡಿದ್ಯಾ?" ಚಿಕ್ಕಮ್ಮ ಉತ್ತರ ಕೊಡಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತಿದ್ದರು, ರುಬ್ಬುತ್ತಲೇ ಇದ್ದರು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಮುಂದೆ ನಾನು ಜೀವಶಾಸ್ತ್ರ ಓದಿ, ಪಿಯು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆದುಕೊಂಡವನು. ಆ ಕಪ್ಪಿನ ಚರಿತ್ರೆ ಹುಡುಕುತ್ತ ಹೋದದ್ದು ಮಾತ್ರ ಬಹಳ ತಡವಾಗಿ, ಅಪ್ಪ ತೀರಿಕೊಂಡ ಮೇಲೆ ಅವರ ಡೈರಿ ಕೈಗೆ ಸಿಕ್ಕಾಗ. ಅದರ ಒಂದು ಪುಟದಲ್ಲಿ ಕನ್ನಡದಲ್ಲಿ "ನೂರು ಬ್ಲಾಸ್ಟೋಮ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಡಾಕ್ಟರು ಹೇಳಿದ್ದು ಅವರ ಕಿವಿಗೆ ಹಾಗೆ ಕೇಳಿಸಿತ್ತು. ಅದು ನ್ಯೂರೋಬ್ಲಾಸ್ಟೋಮಾ, ಎಳೆಯ ನರಕೋಶಗಳಿಂದ ಹುಟ್ಟುವ ಮಕ್ಕಳ ಕ್ಯಾನ್ಸರ್.

ಈ ಕಾಯಿಲೆಗೆ ಹೆಸರು ಸಿಗುವುದಕ್ಕೇ ಅರ್ಧ ಶತಮಾನ ಹಿಡಿಯಿತು. 1864ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಒಂದು ಮಗುವಿನ ಹೊಟ್ಟೆಯೊಳಗಿನ ಗಡ್ಡೆಯನ್ನು ವರ್ಣಿಸಿ ಅದನ್ನು ಗ್ಲಯೋಮಾ ಎಂದು ಕರೆದ. ಗ್ಲಯೋಮಾ ಮಿದುಳಿನ ಗಡ್ಡೆ. ಮಿದುಳಿನಲ್ಲಿ ಇರಬೇಕಾದಂಥದ್ದು ಹೊಟ್ಟೆಯಲ್ಲಿ ಹೇಗೆ ಬಂತು ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಆದರೆ ನರಕ್ಕೂ ಇದಕ್ಕೂ ಏನೋ ಸಂಬಂಧವಿದೆ ಎಂದು ಆತನ ಕಣ್ಣಿಗೆ ಅನಿಸಿತ್ತಲ್ಲ, ಅದು ದೊಡ್ಡದು. ಅದಾಗಿ ನಾಲ್ಕು ವರ್ಷಕ್ಕೆ, 1868ರಲ್ಲಿ, ವಿಲ್ಹೆಲ್ಮ್ ಹಿಸ್ ಎಂಬಾತ ಕೋಳಿಮೊಟ್ಟೆಯ ಭ್ರೂಣ ನೋಡುತ್ತ, ಬೆನ್ನುಹುರಿ ರೂಪುಗೊಳ್ಳುವ ಕಡೆ ಅಂಚಿನಲ್ಲಿ ಒಂದು ಕೋಶಗಳ ಪಟ್ಟಿಯನ್ನು ಗುರುತಿಸಿದ. ಇವತ್ತು ಅದನ್ನು ನ್ಯೂರಲ್ ಕ್ರೆಸ್ಟ್ ಎನ್ನುತ್ತೇವೆ.

ಇದನ್ನು ನಾನು ಕ್ಲಾಸಿನಲ್ಲಿ ಸಸಿಮಡಿಯ ಹೋಲಿಕೆ ಕೊಟ್ಟು ಹೇಳುತ್ತಿದ್ದೆ. ಗದ್ದೆಯ ಮೂಲೆಯಲ್ಲಿ ಒತ್ತೊತ್ತಾಗಿ ಬೆಳೆಸಿದ ಅಗೆಯನ್ನು ಕಿತ್ತು ಬೇರೆ ಬೇರೆ ಗದ್ದೆಗೆ ಒಯ್ದು ನಾಟಿ ಮಾಡುತ್ತೇವೆ. ಭ್ರೂಣದಲ್ಲೂ ಆ ಅಂಚಿನ ಕೋಶಗಳು ಎದ್ದು ದೂರ ದೂರ ನಡೆದುಹೋಗುತ್ತವೆ. ಕೆಲವು ಚರ್ಮಕ್ಕೆ ಹೋಗಿ ಬಣ್ಣದ ಕೋಶವಾಗುತ್ತವೆ, ಕೆಲವು ಬೆನ್ನುಮೂಳೆಯ ಇಕ್ಕೆಲದಲ್ಲಿ ನರಗಂಟುಗಳಾಗುತ್ತವೆ, ಇನ್ನು ಕೆಲವು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ತಿರುಳಾಗುತ್ತವೆ. ಹೆದರಿದಾಗ ಎದೆ ಡವಡವ ಎನ್ನಿಸುವ ರಸ ಸುರಿಸುವುದು ಆ ತಿರುಳೇ. ನಾಟಿಯಾದ ಮೇಲೆ ಸಸಿ ಬಲಿತು ತೆನೆ ಬಿಡಬೇಕು. ಕೆಲವು ಬಲಿಯುವುದೇ ಇಲ್ಲ. ಎಳೆಯದಾಗಿಯೇ ಇದ್ದುಕೊಂಡು ಮರಿ ಒಡೆಯುತ್ತ ಗದ್ದೆ ತುಂಬಿಕೊಳ್ಳುತ್ತವೆ. ಈ ಗಡ್ಡೆಗಳಲ್ಲಿ ಅರ್ಧದಷ್ಟು ಅಡ್ರಿನಲ್‌ನಲ್ಲೇ ಹುಟ್ಟುವುದು ಅದಕ್ಕೆ. 1891ರಲ್ಲಿ ಜರ್ಮನಿಯ ಫೆಲಿಕ್ಸ್ ಮಾರ್ಶಾಂಡ್, ಇಂಥ ಗಡ್ಡೆಗೂ ಬೆಳೆಯುತ್ತಿರುವ ಸಿಂಪಥೆಟಿಕ್ ನರಗಂಟಿಗೂ ಹೋಲಿಕೆ ಇದೆಯೆಂದು ತೋರಿಸಿದಾಗ ಮಡಿಗೂ ಗದ್ದೆಗೂ ಸಂಬಂಧ ಸಿಕ್ಕಂತಾಯಿತು.

ಆಮೇಲೆ ಬಂದವರು ಇಬ್ಬರು. ಅವರಲ್ಲಿ ಒಬ್ಬರನ್ನು ನಮ್ಮ ನಾಡಿನ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಬಲ್ಲ, ಬಲ್ಲನೆಂದು ಅವನಿಗೆ ಗೊತ್ತಿರುವುದಿಲ್ಲ ಅಷ್ಟೆ.

1901ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಪೆಪ್ಪರ್ ಕೆಲವು ಹಸುಗೂಸುಗಳ ವಿಷಯ ಬರೆದ. ಅಡ್ರಿನಲ್‌ನಲ್ಲಿ ಗಡ್ಡೆ, ಅದು ಯಕೃತ್ತಿಗೆ ಹರಡಿ ಹೊಟ್ಟೆ ಕೊಡದಂತೆ ಉಬ್ಬಿತ್ತು, ಮೂಳೆಗೆ ಮಾತ್ರ ಮುಟ್ಟಿರಲಿಲ್ಲ. 1907ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯ ವೈದ್ಯ ರಾಬರ್ಟ್ ಹಚಿಸನ್ ಇನ್ನೊಂದು ಗುಂಪು ಮಕ್ಕಳ ವಿಷಯ ಬರೆದ. ಇವು ಸ್ವಲ್ಪ ದೊಡ್ಡ ಮಕ್ಕಳು. ಅಡ್ರಿನಲ್‌ನಲ್ಲಿ ಅದೇ ಗಡ್ಡೆ. ಆದರೆ ಹರಡಿದ್ದು ತಲೆಬುರುಡೆಗೆ, ಕಣ್ಣುಗೂಡಿನ ಮೂಳೆಗೆ. ಕಣ್ಣು ಮುಂದಕ್ಕೆ ಚಾಚಿಕೊಂಡಿರುತ್ತಿತ್ತು, ರೆಪ್ಪೆಗಳ ಸುತ್ತ ರಕ್ತ ಕಟ್ಟಿ ಕಪ್ಪಾಗಿರುತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆ ಇದ್ದೀತೆಂಬ ಅನುಮಾನವೇ ಬರದಂತೆ, ಕಾಯಿಲೆ ಮುಖದಲ್ಲಿ ಮೊದಲು ತೋರಿಸಿಕೊಳ್ಳುತ್ತಿತ್ತು.

ಈ ಹಚಿಸನ್ನನ ಹೆಸರನ್ನು ಮೊದಲು ಓದಿದಾಗ ನನಗೆ ಎಲ್ಲೋ ನೋಡಿದ ನೆನಪು. 1990ರ ಸುಮಾರಿಗೆ ಮೆಡಿಕಲ್ ಓದುತ್ತಿದ್ದ ಗೆಳೆಯನ ಹಾಸ್ಟೆಲ್ ರೂಮಿನಲ್ಲಿ, ಬೆನ್ನು ಕಿತ್ತು ಬೈಂಡು ಹಾಕಿಸಿದ ಒಂದು ದಪ್ಪ ಪುಸ್ತಕವಿತ್ತು: ಹಚಿಸನ್ಸ್ ಕ್ಲಿನಿಕಲ್ ಮೆಥಡ್ಸ್. ರೋಗಿಯ ನಾಲಿಗೆ ಹೇಗೆ ನೋಡಬೇಕು, ಹೊಟ್ಟೆ ಹೇಗೆ ಒತ್ತಬೇಕು, ಎದೆಯ ಮೇಲೆ ಬೆರಳಿಟ್ಟು ಹೇಗೆ ತಟ್ಟಬೇಕು ಎಂದೆಲ್ಲ ಹೇಳಿಕೊಡುವ ಪುಸ್ತಕ. 1897ರಲ್ಲಿ ಹ್ಯಾರಿ ರೈನಿ ಎಂಬ ಗೆಳೆಯನ ಜೊತೆ ಸೇರಿ ಇಪ್ಪತ್ತಾರರ ಹರೆಯದ ಹಚಿಸನ್ ಬರೆದದ್ದು. ಆವೃತ್ತಿಯ ಮೇಲೆ ಆವೃತ್ತಿ ಕಂಡು ಇವತ್ತಿಗೂ ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ನಡೆಯುತ್ತಿದೆ. (ಎನ್ ಅಕ್ಷರ ಹೆಚ್ಚಿರುವ ಇನ್ನೊಬ್ಬ ಹಚಿನ್ಸನ್ ಇದ್ದಾನೆ, ಹುಟ್ಟಿನಿಂದಲೇ ಸಿಫಿಲಿಸ್ ಇರುವ ಮಕ್ಕಳ ಹಲ್ಲು ವರ್ಣಿಸಿದವನು. ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬನೇ ಎಂದು ಬರೆದು ಅಂಕ ಕಳೆದುಕೊಂಡವರಿದ್ದಾರೆ.) ಪುಟ್ಟನ ಹೊಟ್ಟೆ ಒತ್ತಿ ನೋಡಿದ ತಾಲೂಕು ಆಸ್ಪತ್ರೆಯ ಮುದಿ ಡಾಕ್ಟರೂ ಹೊಟ್ಟೆ ಒತ್ತುವುದನ್ನು ಕಲಿತದ್ದು ಆ ಪುಸ್ತಕದಿಂದಲೇ ಇರಬೇಕು. ಅದೇ ಪುಸ್ತಕದವನೇ ಕಣ್ಣಿನ ಸುತ್ತಿನ ಕಪ್ಪನ್ನೂ ಬರೆದಿಟ್ಟವನು ಎಂದು ತಿಳಿದ ದಿನ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಪೆಪ್ಪರ್ ಮತ್ತು ಹಚಿಸನ್ ಕಂಡ ಎರಡು ಚಿತ್ರಗಳನ್ನು ಇಟ್ಟುಕೊಂಡು ವೈದ್ಯಲೋಕ ಒಂದು ತಪ್ಪು ಹಾದಿಯಲ್ಲಿ ಬಹಳ ದೂರ ನಡೆಯಿತು. ಬಲಗಡೆಯ ಅಡ್ರಿನಲ್‌ನಲ್ಲಿ ಹುಟ್ಟಿದರೆ ಯಕೃತ್ತಿಗೆ, ಎಡಗಡೆಯಲ್ಲಿ ಹುಟ್ಟಿದರೆ ತಲೆಬುರುಡೆಗೆ ಹರಡುತ್ತದೆ ಎಂಬ ಸಿದ್ಧಾಂತ ಹುಟ್ಟಿಕೊಂಡಿತು. ಕೇಳಲು ಎಷ್ಟು ಚೆಂದ! ಯಕೃತ್ತು ಇರುವುದೂ ಬಲಗಡೆಯೇ. ಆದರೆ ಅದು ಸುಳ್ಳು. ಬಲ ಎಡದ ಮಾತೇ ಅಲ್ಲ, ವಯಸ್ಸಿನ ಮಾತು. ಪೆಪ್ಪರನ ಮಕ್ಕಳು ತೊಟ್ಟಿಲಿನವು, ಹಚಿಸನ್ನನ ಮಕ್ಕಳು ಓಡಾಡುವವು. ಒಂದೇ ಹೆಸರಿನ ಕಾಯಿಲೆ ಆರು ತಿಂಗಳ ಮಗುವಿನಲ್ಲಿ ಒಂದು ಬಗೆ, ಮೂರು ವರ್ಷದ ಮಗುವಿನಲ್ಲಿ ಪೂರ್ತಿ ಬೇರೆ ಬಗೆ. ಇದು ಅರ್ಥವಾಗಲು 1971 ಬರಬೇಕಾಯಿತು. ಅಲ್ಲಿಗೆ ಬರುತ್ತೇನೆ.

ಹೆಸರಿಟ್ಟವನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಜೇಮ್ಸ್ ಹೋಮರ್ ರೈಟ್. ರಕ್ತದ ಸ್ಲೈಡಿಗೆ ಹಾಕುವ ರೈಟ್ ಸ್ಟೇನ್ ಇವನದೇ. 1910ರಲ್ಲಿ ಅವನು ಬೇರೆ ಬೇರೆ ಹೆಸರಿನಲ್ಲಿ ಚದುರಿಹೋಗಿದ್ದ ಈ ಗಡ್ಡೆಗಳನ್ನೆಲ್ಲ ಒಟ್ಟಿಗೆ ತಂದು, ಇವೆಲ್ಲ ಎಳೆಯ ನರಕೋಶದಿಂದ ಬಂದ ಒಂದೇ ಕುಲದವು ಎಂದ. ಅವನಿಗೆ ಸುಳಿವು ಕೊಟ್ಟದ್ದು ಸೂಕ್ಷ್ಮದರ್ಶಕದಲ್ಲಿ ಕಂಡ ಒಂದು ಚಿತ್ತಾರ. ಸಣ್ಣ, ದುಂಡನೆಯ, ನೀಲಿಯಾಗಿ ಬಣ್ಣ ಹಿಡಿದ ಕೋಶಗಳು ವೃತ್ತಾಕಾರವಾಗಿ ನಿಂತಿವೆ. ಪ್ರತಿಯೊಂದರಿಂದ ಒಂದೊಂದು ಎಳೆ ಹೊರಟು ನಡುವೆ ಹೆಣೆದುಕೊಂಡಿದೆ. ಇಂಗ್ಲಿಷಿನಲ್ಲಿ ಅದಕ್ಕೆ ರೊಸೆಟ್ ಎಂದು ಹೂವಿನ ಹೆಸರು. ನನ್ನನ್ನು ಕೇಳಿದರೆ ಅದು ಜಡೆ ಕೋಲಾಟ. ಸುತ್ತ ಆಟಗಾರರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಗ್ಗ, ನಡುವೆ ಜಡೆ. ಆ ನಡುವಿನ ಎಳೆಗಳೇ ನರತಂತು. ತಾನು ನರವಾಗಬೇಕಿತ್ತು ಎಂಬುದನ್ನು ಕೋಶ ಇನ್ನೂ ಮರೆತಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಇವತ್ತಿಗೂ ಬಯಾಪ್ಸಿಯ ವರದಿಯಲ್ಲಿ ಹೋಮರ್ ರೈಟ್ ರೊಸೆಟ್ ಎಂದು ಬರೆಯುತ್ತಾರೆ.

ಪುಟ್ಟನ ವಿಷಯಕ್ಕೆ ಬರುತ್ತೇನೆ. ಕಣ್ಣು ಕಪ್ಪಾಗುವ ಮೊದಲೇ ಬೇರೆ ಸೂಚನೆಗಳು ಇದ್ದವು. ಎರಡು ತಿಂಗಳಿಂದ ಅವನು ನಡೆಯಲು ಒಲ್ಲೆ ಎನ್ನುತ್ತಿದ್ದ, ಎಲ್ಲದಕ್ಕೂ "ಎತ್ಕೋ" ಎನ್ನುವ ಹಟ. ಬಲಗಾಲು ಎಳೆಯುತ್ತಿದ್ದ. ಸಂಜೆಯಾದರೆ ಮೈ ಬಿಸಿ. ಮುಖ ಬಿಳಿಚಿಕೊಂಡಿತ್ತು. ಹೊಟ್ಟೆ ದಪ್ಪವಾದದ್ದಕ್ಕೆ ಜಂತುಹುಳದ ಔಷಧಿ ಆಗಿತ್ತು, ಬಿಳಿಚಿಕೊಂಡದ್ದಕ್ಕೆ ಟಾನಿಕ್ ಆಗಿತ್ತು. ಒಂದೊಂದೂ ಬಿಡಿಬಿಡಿಯಾಗಿ ನೋಡಿದರೆ ಯಾವ ಮಗುವಿಗೂ ಬರುವಂಥದ್ದೇ. ಯಾರನ್ನೂ ದೂರುವಂತಿಲ್ಲ. ಮೂಳೆಯ ಒಳಗಿನ ಮಜ್ಜೆಯನ್ನು ಕಾಯಿಲೆ ಆಕ್ರಮಿಸಿಕೊಂಡರೆ ಕಾಲುನೋವು, ಜ್ವರ, ರಕ್ತಹೀನತೆ ಮೂರೂ ಒಟ್ಟಿಗೆ ಬರುತ್ತವೆ ಎಂಬುದನ್ನು ಜೋಡಿಸಿ ನೋಡುವ ಕಣ್ಣು ಬೇಕು. ಕಣ್ಣುಗೂಡಿನ ಮೂಳೆಗೆ ಹರಡಿದಾಗ ರೆಪ್ಪೆಯ ತೆಳುಚರ್ಮದ ಅಡಿಯಲ್ಲಿ ರಕ್ತ ಒಸರುತ್ತದೆ. ಡಾಕ್ಟರುಗಳು ಅದಕ್ಕೆ ರಕೂನ್ ಐಸ್ ಎನ್ನುತ್ತಾರೆ, ಅಮೆರಿಕದ ಒಂದು ಪ್ರಾಣಿಯ ಹೆಸರು. ನಮ್ಮ ಕಾಡಿನಲ್ಲಿ ಆ ಪ್ರಾಣಿಯಿಲ್ಲ. ಕಾಡುಪಾಪ ನೋಡಿದವರಿಗೆ ಹೇಳಬೇಕಾಗಿಲ್ಲ: ಹಾಗೆ, ಕಣ್ಣಿನ ಸುತ್ತ ಕಪ್ಪು ಬಳೆ. ಹೊಡೆತದಿಂದಲೂ ಹಾಗಾಗುತ್ತದೆ. ಆದ್ದರಿಂದಲೇ ಮಕ್ಕಳ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇವತ್ತೂ ಎಚ್ಚರಿಕೆ ಇದೆ, ಏಟು ಬಿದ್ದ ಕುರುಹಿಲ್ಲದೆ ಎರಡೂ ಕಣ್ಣು ಕಪ್ಪಾದ ಮಗುವಿನ ಹೊಟ್ಟೆ ಮುಟ್ಟಿ ನೋಡದೆ ಕಳಿಸಬೇಡಿ ಎಂದು.

ನಿವೃತ್ತಿಗೆ ಹತ್ತಿರವಾಗಿದ್ದ ಆ ತಾಲೂಕು ಡಾಕ್ಟರು ಮುಟ್ಟಿ ನೋಡಿದರು. ಪಕ್ಕೆಲುಬಿನ ಕೆಳಗೆ ಕಲ್ಲಿನಂಥ, ಅಂಚು ಉಬ್ಬುತಗ್ಗಾದ, ಹೊಕ್ಕುಳಿನ ಗೆರೆ ದಾಟಿ ಆಚೆಗೆ ಹೋದ ಗಡ್ಡೆ. ಆ ಗೆರೆ ದಾಟುವುದು ಮುಖ್ಯ. ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್ ವಿಲ್ಮ್ಸ್ ಗಡ್ಡೆ ಸಾಮಾನ್ಯವಾಗಿ ನುಣುಪಾಗಿ, ಒಂದೇ ಕಡೆ ಇರುತ್ತದೆ, ಮಗುವೂ ಗೆಲುವಾಗಿರುತ್ತದೆ. ನ್ಯೂರೋಬ್ಲಾಸ್ಟೋಮಾ ದಾಟುತ್ತದೆ, ಮಗು ಸೋತಿರುತ್ತದೆ. ಡಾಕ್ಟರು ಕೈ ತೊಳೆದುಕೊಂಡು ಬಂದು ಚಿಕ್ಕಪ್ಪನಿಗೂ ಅಪ್ಪನಿಗೂ ಹೇಳಿದ್ದು ಅಪ್ಪನ ಡೈರಿಯಲ್ಲಿದೆ: "ಯಾರೂ ಹೊಡೆದಿಲ್ಲ. ಒಳಗಿನಿಂದ ಬಂದದ್ದು. ನಾಳೆಯೇ ಬೆಂಗಳೂರಿಗೆ."

ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಮೊದಲ ಕಾಗದದಲ್ಲಿ ಒಂದು ವಿಚಿತ್ರ ಸುದ್ದಿಯಿತ್ತು. ಮೂರು ದಿನ ಮಗುವಿಗೆ ಬಾಳೆಹಣ್ಣು ಕೊಡಬಾರದಂತೆ. ಪುಟ್ಟನಿಗೆ ಬಾಳೆಹಣ್ಣೆಂದರೆ ಪ್ರಾಣ. ಬಾಳೆಹಣ್ಣಿನಿಂದಲೇ ಕಾಯಿಲೆ ಬಂತೋ ಏನೋ ಎಂದು ಅಜ್ಜಿ ನಮ್ಮೆಲ್ಲರ ಬಾಳೆಹಣ್ಣನ್ನೂ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಇದರ ಹಿಂದಿನ ಕತೆ ನನಗೆ ತಿಳಿದದ್ದು ಮೂವತ್ತು ವರ್ಷದ ನಂತರ. ಅಡ್ರಿನಲ್ ತಿರುಳಿನ ಕುಲದ ಕೋಶವಲ್ಲವೇ, ಎಳೆಯದಾದರೂ ಅದು ತನ್ನ ಕುಲಕಸುಬು ಮಾಡುತ್ತಿರುತ್ತದೆ. ಅಡ್ರಿನಲಿನ್ ಬಳಗದ ರಸಗಳನ್ನು ತಯಾರಿಸುತ್ತದೆ, ಅವು ಒಡೆದು ಮೂತ್ರದಲ್ಲಿ ಹೊರಬೀಳುತ್ತವೆ. 1957ರಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ಕೂಸಿನ ಮೂತ್ರದಲ್ಲಿ ಇದನ್ನು ಕಂಡು ವರದಿ ಮಾಡಿದರು. ಆ ಒಡೆದ ವಸ್ತುವಿನ ಉದ್ದನೆಯ ಹೆಸರು ವ್ಯಾನಿಲಿಲ್‌ಮ್ಯಾಂಡೆಲಿಕ್ ಆಮ್ಲ, ಗಿಡ್ಡದಾಗಿ ವಿಎಂಎ. ಹಳೆಯ ಪರೀಕ್ಷೆಗಳು ಬಾಳೆಹಣ್ಣು, ಕಾಫಿ, ವೆನಿಲಾದಿಂದ ಬಂದ ವಸ್ತುಗಳನ್ನೂ ಅದೇ ಎಂದು ಲೆಕ್ಕಕ್ಕೆ ಹಿಡಿದು ತಪ್ಪು ಉತ್ತರ ಕೊಡುತ್ತಿದ್ದವು. ಅದಕ್ಕೇ ಪಥ್ಯ. ಕ್ಯಾನ್ಸರನ್ನು ಸೂಜಿ ಚುಚ್ಚದೆ, ಒಂದು ಬಾಟಲಿ ಮೂತ್ರದಲ್ಲಿ ಕಂಡುಹಿಡಿಯಬಹುದು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಆ ಸುಲಭವೇ ಮುಂದೆ ಒಂದು ಇಡೀ ದೇಶವನ್ನು ದಾರಿ ತಪ್ಪಿಸಿತು.

ಅದಕ್ಕೆ ಮೊದಲು ಈ ಕಾಯಿಲೆಯ ಅತಿ ವಿಚಿತ್ರ ಗುಣ ಹೇಳಬೇಕು. ಇದು ಕೆಲವು ಮಕ್ಕಳಲ್ಲಿ ತಾನೇ ಮಾಯವಾಗುತ್ತದೆ. ಹರಕೆ, ಮಂತ್ರದ ಮಾತಲ್ಲ ಇದು, ದಾಖಲೆಯ ಮಾತು. 1927ರಲ್ಲಿ ಬಾಸ್ಟನ್ನಿನ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಎಸ್. ಬಿ. ವುಲ್ಬಾಕ್ ಜೊತೆ ಸೇರಿ ಒಂದು ಮಗುವಿನ ಕತೆ ಪ್ರಕಟಿಸಿದ. ಮೊದಲ ಸಲ ನೋಡಿದಾಗ ಗಡ್ಡೆ ಅಪ್ಪಟ ಮಾರಕ. ವರ್ಷಗಳ ನಂತರ ಮತ್ತೆ ನೋಡಿದರೆ ಅದೇ ಗಡ್ಡೆ ಬಲಿತು, ನಿರಪಾಯದ ನರಕೋಶಗಳ ಗಂಟಾಗಿತ್ತು. ಬೆಳೆಯದೆ ನಿಂತಿದ್ದ ಸಸಿ ತಡವಾಗಿ ತೆನೆ ಬಿಟ್ಟಿತ್ತು. 1963ರಲ್ಲಿ ಬೆಕ್‌ವಿತ್ ಮತ್ತು ಪೆರಿನ್ ಎಂಬಿಬ್ಬರು ಬೇರೆ ಕಾರಣಗಳಿಂದ ತೀರಿಕೊಂಡ, ಮೂರು ತಿಂಗಳೊಳಗಿನ ಕೂಸುಗಳ ಅಡ್ರಿನಲ್ ಗ್ರಂಥಿಗಳನ್ನು ಪರೀಕ್ಷಿಸಿದರು. ಕಾಯಿಲೆಯಾಗಿ ಕಾಣಿಸಿಕೊಳ್ಳುವುದಕ್ಕಿಂತ ಸುಮಾರು ನಲವತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಅಂಥ ಕೋಶಗಳ ಸಣ್ಣ ಗಂಟುಗಳು ಸಿಕ್ಕವು. ಅಂದರೆ ಬಹುಪಾಲು ಗಂಟುಗಳು ಯಾರಿಗೂ ತಿಳಿಯದಂತೆ ಹುಟ್ಟಿ ಯಾರಿಗೂ ತಿಳಿಯದಂತೆ ಕರಗಿಹೋಗುತ್ತವೆ.

1971ಕ್ಕೆ ಬಂದೆ. ಆಡ್ರಿ ಇವಾನ್ಸ್ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದಾಕೆ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಮೊದಲ ಸಲ ಹಂತಗಳ ಪಟ್ಟಿ ಮಾಡಿದಳು. ಹಂತ ಎಂದರೆ ಎಲ್ಲ ಕ್ಯಾನ್ಸರಿನಲ್ಲೂ ಇರುವಂಥದ್ದೇ: ಒಂದೇ ಕಡೆ ಇದೆಯೇ, ಪಕ್ಕಕ್ಕೆ ಹರಡಿದೆಯೇ, ದೂರ ಹೋಗಿದೆಯೇ. ದೂರ ಹೋದದ್ದು ನಾಲ್ಕನೇ ಹಂತ, ಅದು ಕೊನೆ. ಆದರೆ ಆಕೆಯೂ ಸಹೋದ್ಯೋಗಿಗಳಾದ ಡಾಂಜಿಯೋ, ಕೂಪ್ ಎಂಬವರೂ ಒಂದು ವಿಷಯ ಗಮನಿಸಿದರು. ವರ್ಷದೊಳಗಿನ ಕೆಲವು ಕೂಸುಗಳಲ್ಲಿ ಗಡ್ಡೆ ಯಕೃತ್ತು, ಚರ್ಮ, ಮಜ್ಜೆಗೆಲ್ಲ ಹರಡಿದ್ದರೂ ಮೂಳೆಯನ್ನು ಮುಟ್ಟಿರದಿದ್ದರೆ ಆ ಮಕ್ಕಳು ಬದುಕುತ್ತಿದ್ದರು, ಎಷ್ಟೋ ಸಲ ಚಿಕಿತ್ಸೆಯೇ ಇಲ್ಲದೆ. ಇದನ್ನು ನಾಲ್ಕು-ಎಸ್ ಎಂದು ಬೇರೆ ಇಟ್ಟರು, ಎಸ್ ಎಂದರೆ ವಿಶೇಷ. ಪೆಪ್ಪರನ 1901ರ ಕೂಸುಗಳಿಗೆ ಎಪ್ಪತ್ತು ವರ್ಷದ ನಂತರ ಕೊನೆಗೂ ತಮ್ಮದೇ ಕೋಣೆ ಸಿಕ್ಕಿತು. ಕ್ಯಾನ್ಸರ್ ವಾರ್ಡಿನಲ್ಲಿ ಏನೂ ಮಾಡದೆ ಕಾದು ನೋಡೋಣ ಎನ್ನುವುದು ಎಷ್ಟು ಧೈರ್ಯದ ಮಾತು ಎಂದು ಯೋಚಿಸಿ. ಇದೇ ಆಡ್ರಿ ಇವಾನ್ಸ್, ದೂರದಿಂದ ಮಗುವನ್ನು ಕರೆತಂದ ತಂದೆತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗುವುದನ್ನು ನೋಡಿ, 1974ರಲ್ಲಿ ಅವರಿಗಾಗಿ ಒಂದು ಮನೆ ತೆರೆಸುವುದರ ಹಿಂದೆಯೂ ಇದ್ದಳು. ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಏಳು ತಿಂಗಳಲ್ಲಿ ಬಹುಪಾಲು ಕಳೆದದ್ದು ಆಸ್ಪತ್ರೆಯ ವರಾಂಡದಲ್ಲಿ, ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು.

ಈಗ ಜಪಾನು. ಮಗು ಚಿಕ್ಕದಿದ್ದಾಗ ಕಾಯಿಲೆ ಸೌಮ್ಯ, ದೊಡ್ಡದಾದಾಗ ಭೀಕರ. ಮೂತ್ರದಲ್ಲಿ ಮೊದಲೇ ತಿಳಿಯುತ್ತದೆ. ಹಾಗಿದ್ದರೆ ಎಲ್ಲ ಕೂಸುಗಳ ಮೂತ್ರವನ್ನೂ ಪರೀಕ್ಷಿಸಿ, ಚಿಕ್ಕದಿದ್ದಾಗಲೇ ಹಿಡಿದುಬಿಟ್ಟರೆ? ತರ್ಕದಲ್ಲಿ ಒಂದು ಬಿರುಕೂ ಕಾಣುವುದಿಲ್ಲ. 1970ರ ದಶಕದಲ್ಲಿ ಕ್ಯೋಟೋದಲ್ಲಿ ಶುರುವಾಗಿ, 1984–85ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು. ಆರು ತಿಂಗಳ ಮಗುವಿನ ಮೂತ್ರವನ್ನು ತಾಯಿ ಒಂದು ಕಾಗದದ ತುಂಡಿಗೆ ಹೀರಿಸಿ, ಒಣಗಿಸಿ, ಅಂಚೆಯಲ್ಲಿ ಕಳಿಸಿದರಾಯಿತು. ನೂರಾರು ಗಡ್ಡೆಗಳು ಸಿಕ್ಕವು. ಸಿಕ್ಕ ಮಕ್ಕಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬದುಕಿದರು. ಗೆದ್ದೆವು ಎಂದುಕೊಂಡರು.

ಒಂದು ಮಾತ್ರ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ದೊಡ್ಡ ಮಕ್ಕಳಲ್ಲಿ ಬರುವ ಭೀಕರ ರೂಪ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 4.75 ಲಕ್ಷ ಮಕ್ಕಳನ್ನೂ, ಜರ್ಮನಿಯಲ್ಲಿ ಸುಮಾರು 15 ಲಕ್ಷ ಮಕ್ಕಳನ್ನೂ ಪರೀಕ್ಷಿಸಿ, ಪರೀಕ್ಷೆಯಿಲ್ಲದ ಕಡೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. 2002ರಲ್ಲಿ ಎರಡೂ ಫಲಿತಾಂಶ ಹೊರಬಂತು. ಸಾವು ಒಂದಿಷ್ಟೂ ಇಳಿದಿರಲಿಲ್ಲ. ಕಾಗದದ ತುಂಡಿಗೆ ಸಿಕ್ಕಿಬಿದ್ದವು ಬಹುಪಾಲು ತಾವಾಗಿಯೇ ಕರಗಿಹೋಗುತ್ತಿದ್ದ ಗಡ್ಡೆಗಳು. ಕೊಲ್ಲುವ ಗಡ್ಡೆ ಆರು ತಿಂಗಳಿಗೆ ಸುಳಿವು ಕೊಡುವ ಜಾತಿಯೇ ಅಲ್ಲ, ಅದು ಹಿಂದಿನಿಂದ ಬಂದು ಓಟದಲ್ಲಿ ದಾಟಿಹೋಗುತ್ತದೆ. ಈ ನಡುವೆ ಎಷ್ಟೋ ಆರೋಗ್ಯವಂತ ಕೂಸುಗಳಿಗೆ ಶಸ್ತ್ರಚಿಕಿತ್ಸೆ, ಕೀಮೋ ಆಗಿಹೋಗಿತ್ತು. ಚಿಕಿತ್ಸೆಯ ತೊಡಕಿನಿಂದಲೇ ತೀರಿಕೊಂಡ ಮಕ್ಕಳೂ ಇದ್ದರು. 2003ರಲ್ಲಿ ಜಪಾನ್ ಸರ್ಕಾರ ಪರೀಕ್ಷೆಯನ್ನು ನಿಲ್ಲಿಸುವ ತೀರ್ಮಾನ ಮಾಡಿತು. ಬೇಗ ಕಂಡುಹಿಡಿದಷ್ಟೂ ಒಳ್ಳೆಯದು ಎಂದು ನಾನೂ ಮೂವತ್ತು ವರ್ಷ ಪಾಠ ಮಾಡಿದವನೇ. ಆ ಎರಡು ವರದಿ ಓದಿದ ಮೇಲೆ ಆ ವಾಕ್ಯ ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಪುಟ್ಟನನ್ನು ಆರು ತಿಂಗಳಿರುವಾಗಲೇ ಪರೀಕ್ಷಿಸಿದ್ದರೆ ಎಂಬ ಹಳೆಯ ಕೊರಗು ಮಾತ್ರ ಅಂದಿನಿಂದ ಹಗುರವಾಯಿತು.

ಕೊಲ್ಲುವ ಜಾತಿ, ಕರಗುವ ಜಾತಿ ಎಂದು ಬೇರ್ಪಡಿಸುವ ಕೀಲಿ ಸಿಕ್ಕಿದ್ದು ನಮ್ಮ ಮನೆಯಲ್ಲಿ ಆ ಪಿಸುಮಾತು ನಡೆಯುತ್ತಿದ್ದ ವರ್ಷವೇ. ನ್ಯೂಯಾರ್ಕಿನ ಜೂನ್ ಬೀಡ್ಲರ್ ಎಂಬ ವಿಜ್ಞಾನಿ 1976ರಲ್ಲಿ ಈ ಗಡ್ಡೆಯ ಕೋಶಗಳಲ್ಲಿ ವರ್ಣತಂತುಗಳು ಅಸಹಜವಾಗಿ ಉಬ್ಬಿರುವುದನ್ನು ತೋರಿಸಿದ್ದಳು. ಅಲ್ಲೇನಿದೆ ಎಂದು 1983ರಲ್ಲಿ ಗೊತ್ತಾಯಿತು: ಎಂವೈಸಿಎನ್ ಎಂಬ ಒಂದು ವಂಶವಾಹಿ. ಎರಡು ಪ್ರತಿ ಇರಬೇಕಾದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು. ಮರುವರ್ಷವೇ ಗ್ಯಾರೆಟ್ ಬ್ರೋಡರ್ ಮತ್ತು ಜೊತೆಗಾರರು, ಪ್ರತಿಗಳು ಹೀಗೆ ಹೆಚ್ಚಿರುವುದು ಮುಂದುವರಿದ ಹಂತದ ಗಡ್ಡೆಗಳಲ್ಲಿ ಎಂದು ತೋರಿಸಿದರು. ಈಗ ಬಯಾಪ್ಸಿಯಾದ ಕೂಡಲೇ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಮಗುವಿನ ವಯಸ್ಸು, ಹರಡುವಿಕೆ, ಕೋಶದ ರೂಪ, ಎಂವೈಸಿಎನ್ ಇವಿಷ್ಟನ್ನು ಕೂಡಿಸಿ, ಈ ಮಗುವನ್ನು ಸುಮ್ಮನೆ ಕಾಯಬಹುದೇ ಅಥವಾ ಇರುವ ಅಸ್ತ್ರವನ್ನೆಲ್ಲ ಬಿಡಬೇಕೇ ಎಂದು ನಿರ್ಧರಿಸುತ್ತಾರೆ.

ಅಸ್ತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚು ಅಪಾಯದ ಮಗುವಿಗೆ ತಿಂಗಳುಗಟ್ಟಲೆ ಕೀಮೋ, ಶಸ್ತ್ರಚಿಕಿತ್ಸೆ, ಮಗುವಿನದೇ ಆಕರಕೋಶ ತೆಗೆದಿಟ್ಟು ಬಲವಾದ ಔಷಧಿ ಕೊಟ್ಟು ಮತ್ತೆ ತುಂಬಿಸುವುದು, ವಿಕಿರಣ. ಆಮೇಲೆ ವಿಟಮಿನ್ ಎ ಕುಲದ ಒಂದು ಮಾತ್ರೆ, ಉಳಿದ ಎಳೆಯ ಕೋಶ ಬಲಿಯಲಿ ಎಂದು. ಕುಶಿಂಗ್ ಕಂಡದ್ದನ್ನು ಔಷಧಿಯಿಂದ ಮಾಡಿಸುವ ಪ್ರಯತ್ನ ಅದು. ಕೋಶದ ಮೈಮೇಲಿನ ಜಿಡಿ2 ಎಂಬ ಗುರುತನ್ನು ಹಿಡಿದು ದಾಳಿ ಮಾಡುವ ಪ್ರತಿಕಾಯವೊಂದಕ್ಕೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಗುರುತು ನೋವಿನ ನರಗಳ ಮೇಲೂ ಇರುವುದರಿಂದ, ಔಷಧಿ ಹರಿಯುವಾಗ ಮಗುವಿಗೆ ಮಾರ್ಫಿನ್ ಕೊಡಬೇಕಾಗುತ್ತದೆ. ನಿದ್ರಾರೋಗಕ್ಕೆಂದು ಬಳಕೆಯಲ್ಲಿದ್ದ ಎಫ್ಲಾರ್ನಿಥಿನ್ 2023ರ ಕೊನೆಯಲ್ಲಿ ಈ ಪಟ್ಟಿಗೆ ಸೇರಿತು. ಇಷ್ಟೆಲ್ಲ ಸಿಕ್ಕರೆ ಆ ಮಕ್ಕಳಲ್ಲಿ ಅರ್ಧದಷ್ಟು ಉಳಿಯುತ್ತಾರೆ. ಅಪಾಯ ಕಡಿಮೆಯಿರುವ ಕೂಸುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು. ಆ ಪ್ರತಿಕಾಯದ ಬೆಲೆ ನಮ್ಮಲ್ಲಿ ಬಹುಪಾಲು ಕುಟುಂಬಗಳಿಗೆ ಎಟುಕುವಂಥದ್ದಲ್ಲ.

1983ರಲ್ಲಿ ಇದಾವುದೂ ಇರಲಿಲ್ಲ. ಎರಡು ಮೂರು ಕೀಮೋ ಔಷಧಿ, ಅಷ್ಟೆ. ಮೂಳೆಗೆ ಹರಡಿದ ಮೂರು ವರ್ಷದ ಮಗು ಉಳಿಯುವುದು ಪ್ರಪಂಚದ ಯಾವ ಆಸ್ಪತ್ರೆಯಲ್ಲೂ ಅಪರೂಪ. ಮೊದಲ ಎರಡು ಸುತ್ತಿಗೆ ಕಣ್ಣಿನ ಕಪ್ಪು ಪೂರ್ತಿ ಹೋಯಿತು. ದೀಪಾವಳಿಗೆ ಊರಿಗೆ ಕರೆತಂದಾಗ ತಲೆ ಬೋಳಾಗಿದ್ದ ಪುಟ್ಟ ಚಿಕ್ಕಮ್ಮನ ಸೊಂಟದಿಂದ ಇಳಿಯಲಿಲ್ಲ. ಬೇರೆ ಯಾರು ಕರೆದರೂ ಹೋಗಲಿಲ್ಲ. 1984ರ ಶಿವರಾತ್ರಿ ಕಳೆದ ಮೇಲೆ ಬೆಂಗಳೂರಿನಲ್ಲೇ ತೀರಿಕೊಂಡ. ಅಪ್ಪನ ಡೈರಿಯಲ್ಲಿ ಆ ದಿನದ ಪುಟ ಖಾಲಿಯಿದೆ.

ತಾಲೂಕು ಡಾಕ್ಟರು ಹೇಳಿದ "ಯಾರೂ ಹೊಡೆದಿಲ್ಲ" ಎಂಬ ಮಾತು ಇಬ್ಬರು ಗಂಡಸರ ಕಿವಿಗೆ ಬಿದ್ದು ಅಲ್ಲೇ ಉಳಿಯಿತು. ಕ್ಯಾನ್ಸರ್ ಎಂಬ ಪದವನ್ನು ಮನೆಯಲ್ಲಿ ಆಡಬಾರದೆಂದು ಅವರಿಬ್ಬರೂ ಮಾತಾಡಿಕೊಂಡಿದ್ದರಂತೆ. ಕ್ಯಾನ್ಸರ್ ಹೇಳದೆ ಕಣ್ಣಿನ ಕಪ್ಪನ್ನು ಹೇಳುವುದು ಹೇಗೆ? ಹಾಗಾಗಿ ಒಗೆಯುವ ಕಲ್ಲಿನವರೆಗೆ ಆ ಸುದ್ದಿ ತಲುಪಲೇ ಇಲ್ಲ. ಅಜ್ಜಿ ತಾನು ಕೇಳಿದ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳದೆಯೇ 1991ರಲ್ಲಿ ಹೋದರು. ಚಿಕ್ಕಮ್ಮನಿಗೆ ಮುಂದೆ ಇಬ್ಬರು ಹೆಣ್ಣುಮಕ್ಕಳಾದರು. ಅವರನ್ನು ಗದರಿದ್ದನ್ನೂ ನಾನು ಒಂದು ದಿನ ಕಂಡಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅವರಿಗೀಗ ಅರವತ್ತು ದಾಟಿದೆ. ಅಡಿಕೆ ಸುಲಿಯುತ್ತಿದ್ದರು. ಲಂಡನ್ನಿನಲ್ಲಿ ಒಬ್ಬ ಡಾಕ್ಟರು, 1907ರಲ್ಲೇ ಹೀಗೆ ಬರೆದಿಟ್ಟಿದ್ದಾನೆ ಚಿಕ್ಕಮ್ಮ, ಮಕ್ಕಳ ಕಣ್ಣು ಹೀಗೆ ಕಪ್ಪಾಗುವುದು ಹೊಟ್ಟೆಯ ಗಡ್ಡೆಯಿಂದ ಎಂದು, ಪುಟ್ಟನಿಗೆ ಆದದ್ದೂ ಅದೇ, ಎಂದೆ. ಮೆಟ್ಟುಗತ್ತಿಯಿಂದ ಕೈ ತೆಗೆದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

"ಅಲ್ಲೂ ಅಮ್ಮಂದಿರನ್ನ ಕೇಳಿದ್ರಂತನಾ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅವರು ಸುಲಿದ ಅಡಿಕೆಯನ್ನು ಬುಟ್ಟಿಗೆ ತಳ್ಳಿ, ಇನ್ನೊಂದು ತೆಗೆದುಕೊಂಡರು.